ಹನ್ನೆರಡನೇ ಪ್ಯಾಸೇಜ್

ಮೊದಲೇ ಹೇಳಿಬಿಡುತ್ತೇನೆ, ಇದು ಸೇಡಿನ ಕಥೆ. ಕ್ಷಮೆ, ದೊಡ್ಡ ಮನಸ್ಸು, ಕಾಲವೇ ಉತ್ತರ ಕೊಡುತ್ತದೆ ಅನ್ನುವುದೆಲ್ಲ ಬೇಕಾದವರು ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಬರುವ ಶುಭೋದಯದ ಮೆಸೇಜು ಓದಿಕೊಳ್ಳಿ. ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಅವರಿಗೆ ಪುಕ್ಕಟೆ ಜಾಹೀರಾತು.

ನನ್ನ ಕೆಲಸ ಹೇಳಿದರೆ ಜನ ನಗುತ್ತಾರೆ. ಶಿಗ್ಗಾಂವದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಚೀನಾದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪ್ಯಾಸೇಜ್ ಬರೆಯುತ್ತೇನೆ. ಒಂದು ಪುಟದ ಕಥೆ, ಕೆಳಗೆ ಪ್ರಶ್ನೆಗಳು, ಪ್ರತಿ ಪ್ರಶ್ನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ. ಓದಿ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಅಲ್ಲಿಯ ಪರೀಕ್ಷೆ ಅಂದರೆ ಮನೆಮಂದಿಯೆಲ್ಲ ಉಸಿರು ಬಿಗಿ ಹಿಡಿದು ಕೂರುವಂಥದ್ದಂತೆ. ಅಭ್ಯಾಸಕ್ಕೆ ಎಷ್ಟು ಪ್ಯಾಸೇಜ್ ಇದ್ದರೂ ಸಾಲದು. ಹಾಗಾಗಿ ಎಂ.ಎ. ಮಾಡಿದ ನನಗೂ ಅಲ್ಲೊಂದು ಕೆಲಸ.

ನಾನು ಬರೆದದ್ದನ್ನು ತಿದ್ದುವಾಕೆ ಚೀನಾದಲ್ಲಿದ್ದಾಳೆ. ಮುಖ ನೋಡಿಲ್ಲ, ಮೆಸೇಜಿನಲ್ಲೇ ಮಾತು. ಆಕೆ ಕಲಿಸಿದ ಒಂದು ವಿಷಯ ಮಾತ್ರ ನಾನು ಯಾವ ಕಾಲೇಜಿನಲ್ಲೂ ಕಲಿತಿರಲಿಲ್ಲ. ಸರಿ ಉತ್ತರ ಯಾರಾದರೂ ಬರೆಯುತ್ತಾರೆ, ತಪ್ಪು ಉತ್ತರ ಬರೆಯುವುದೇ ಕಷ್ಟ. ತಪ್ಪು ಉತ್ತರ ಪೆದ್ದು ಪೆದ್ದಾಗಿರಬಾರದು. ಕಥೆಯೊಳಗಿನ ಮನುಷ್ಯ ಆ ಮೂರನ್ನೂ ಮಾಡಬಹುದು ಅನ್ನಿಸಬೇಕು. ಅಂದರೆ ಆ ಮನುಷ್ಯ ನಮಗೆ ಒಳಗೂ ಹೊರಗೂ ಗೊತ್ತಿರಬೇಕು. ಇದನ್ನು ನೆನಪಿಟ್ಟುಕೊಳ್ಳಿ.

ನನ್ನ ಪ್ಯಾಸೇಜುಗಳಲ್ಲಿ ಎಷ್ಟೋ ತಿರುಗಿ ಬರುತ್ತಿದ್ದವು. ನನ್ನ ತವರು ಹತ್ತಿಮತ್ತೂರು. ನಾನು ಬರೆದ ಚೀನಾದ ಅಜ್ಜಿಯರೆಲ್ಲ ಹತ್ತಿಮತ್ತೂರಿನ ಅಜ್ಜಿಯರಂತೆಯೇ ನಡೆದುಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನಿಗೆ ಯಾವ ಊರು, ಯಾರ ಮಗ, ಮದುವೆ ಆಗಿದೆಯೋ ಇಲ್ಲವೋ ಎಂದು ಕೇಳುತ್ತಿದ್ದರು. ಸಾಕು ಅಂದವರ ತಾಟಿಗೆ ಇನ್ನೊಂದು ಬಡಿಸುತ್ತಿದ್ದರು. "ಈ ಮುದುಕಿ ಆ ಹುಡುಗನನ್ನು ಯಾಕೆ ವಿಚಾರಣೆ ಮಾಡುತ್ತಿದ್ದಾಳೆ? ಅವನ ಮೇಲೆ ಏನಾದರೂ ಅನುಮಾನವೇ?" ಎಂದು ಚೀನಾದಾಕೆ ಕೇಳಿ, ಬೇಡ ಎಂದು ವಾಪಸು ಕಳಿಸುತ್ತಿದ್ದಳು. ವಾಪಸು ಬಂದದ್ದು ನನ್ನದೇ, ಏನು ಬೇಕಾದರೂ ಮಾಡಿಕೊಳ್ಳಬಹುದು ಎಂಬುದು ನಮ್ಮ ಕರಾರು.

ಈಗ ನಮ್ಮ ಸರ್ ಬರುತ್ತಾರೆ. ಶಿಗ್ಗಾಂವದಲ್ಲಿ ಅವರದೊಂದು ಟ್ಯೂಷನ್ ಕ್ಲಾಸು. ಹಾನಗಲ್, ಸವಣೂರು, ಹಿರೇಕೆರೂರಿನಲ್ಲಿ ಅದರ ಶಾಖೆ. ನಾನು ಅವರಲ್ಲಿ ವರ್ಷಗಟ್ಟಲೆ ಕಲಿಸಿದ್ದೇನೆ. ಮಂದಿ ಎದುರಿಗೆ ನನ್ನನ್ನು ‘ಮೇಡಂ’ ಅನ್ನುತ್ತಿದ್ದರು, ಏನಾದರೂ ಬೇಕಾದಾಗ ‘ತಂಗಿ’ ಅನ್ನುತ್ತಿದ್ದರು. ಅವರ ಹೆಸರು ನಾಲ್ಕೂ ತಾಲೂಕಿನಲ್ಲಿ ಹಬ್ಬಿದ್ದು ಒಂದೇ ಒಂದು ಉಪಾಯದಿಂದ.

"ಪ್ಯಾಸೇಜ್ ಓದಾಕ ಹೋಗಬ್ಯಾಡ್ರಿ," ಎಂದು ಮೊದಲ ದಿನವೇ ಮಕ್ಕಳಿಗೆ ಹೇಳುತ್ತಿದ್ದರು. "ಓದಿದಾಂವ ಕೆಟ್ಟ. ಪ್ರಶ್ನಿ ನೋಡ್ರಿ, ಅದರಾಗಿನ ಶಬ್ದ ಮ್ಯಾಲೆ ಎಲ್ಲೈತಿ ಹುಡುಕ್ರಿ, ಆ ಸಾಲಿನ್ಯಾಗ ಉತ್ತರ ಇರತೈತಿ. ಎತ್ತಿ ಬರದು ಮನಿಗಿ ನಡೀರಿ."

ಮಕ್ಕಳು ಪಾಸಾಗುತ್ತಿದ್ದರು, ಅದು ನಿಜ. ಆದರೆ ಸರ್‌ಗೂ ಅದೇ ಚಟ ಅಂಟಿಬಿಟ್ಟಿತ್ತು. ಎಷ್ಟೋ ವರ್ಷಗಳಿಂದ ಆ ಮನುಷ್ಯ ಒಂದು ಪ್ಯಾಸೇಜನ್ನೂ ತಲೆಯಿಂದ ಬುಡದವರೆಗೆ ಓದಿರಲಿಲ್ಲ.

ಒಂದು ಮಧ್ಯಾಹ್ನ ಸರ್ ಮನೆಗೇ ಬಂದರು. ಚಹಾ ಕುಡಿದು, ಅತ್ತೆಯ ಮೊಣಕಾಲು ನೋವು ವಿಚಾರಿಸಿದರು. ಆಮೇಲೆ ಬಂತು ‘ತಂಗಿ’.

"ತಂಗಿ, ಆ ಚೀನಾದವ್ರು ಬ್ಯಾಡಂದ್ವು ಅದಾವಲಾ, ನಮ್ಮ ಹುಡುಗ್ರಿಗೆ ಕೊಟ್ಟಬಿಡು. ಪುಸ್ತಕ ಮಾಡೂಣು. ನಿನ್ನ ಹೆಸರು ಮ್ಯಾಲೆ, ನಂದು ಕೆಳಗ. ಎಷ್ಟ ದಿನ ಅಂತ ಹಿಂಗ ಯಾರಿಗೂ ಗೊತ್ತಿಲ್ಲದಂಗ ಬರಕೋಂತ ಕುಂದ್ರತಿ?"

ಕೊನೆಯ ಮಾತು ನನಗೆ ನಾಟಿತು. ಚೀನಾದ ಪುಸ್ತಕಗಳಲ್ಲಿ ಬರೆದವರ ಹೆಸರು ಇರುವುದಿಲ್ಲ. ಇಷ್ಟು ವರ್ಷ ಬರೆದರೂ ನನ್ನ ಹೆಸರಿರುವ ಒಂದು ಹಾಳೆ ಈ ಭೂಮಿಯ ಮೇಲೆ ಇರಲಿಲ್ಲ. ನನಗೆ ಬೇಕಾಗಿದ್ದು ಅದೊಂದೇ, ರಟ್ಟಿನ ಮೇಲೆ ನನ್ನ ಹೆಸರು. ಪ್ಯಾಸೇಜುಗಳನ್ನು ಆರಿಸಿ ಕೊಟ್ಟೆ.

ಕೆಲವು ವಾರ ಬಿಟ್ಟು ಕರಡು ಬಂತು. ‘ಒಮ್ಮೆ ಕಣ್ಣಾಡಿಸಿ, ತಪ್ಪಿದ್ದರೆ ತಿದ್ದಿ ನೀವೇ ಪ್ರೆಸ್ಸಿಗೆ ಕಳಿಸಿಬಿಡಿ ಮೇಡಂ’ ಎಂದು ಜೊತೆಗೊಂದು ಮೆಸೇಜು. ರಟ್ಟು ನೋಡಿದೆ. ಸರ್ ಫೋಟೋ, ಸರ್ ಹೆಸರು, ಸರ್ ಡಿಗ್ರಿ. ಹಿಂದಿನ ರಟ್ಟಿನ ಮೇಲೂ ಸರ್. ನನ್ನ ಹೆಸರು ಎಲ್ಲೂ ಇಲ್ಲ. ಹೋಗಲಿ, ‘ಉಪಕಾರ ಸ್ಮರಣೆ’ ಎಂಬ ಪುಟದಲ್ಲಾದರೂ ಇದೆಯೇ ಎಂದರೆ ಅಲ್ಲಿ ಝೆರಾಕ್ಸ್ ಅಂಗಡಿಯವನ ಹೆಸರಿತ್ತು.

ಒಳಗೆ ಇನ್ನೂ ಚಂದ. ಸರ್ ಕಂಪ್ಯೂಟರಿನಲ್ಲಿ ಚೀನಾದ ಹೆಸರುಗಳನ್ನು ತೆಗೆದು ಒಂದೇ ಏಟಿಗೆ ನಮ್ಮ ಕಡೆಯ ಹೆಸರು ಹಾಕಿಸಿದ್ದರು. ಹೆಸರು ಬಿಟ್ಟರೆ ಬೇರೇನನ್ನೂ ಮುಟ್ಟಿರಲಿಲ್ಲ. ಸವಣೂರಿನ ಹುಡುಗ ಬೆಳಿಗ್ಗೆ ಎದ್ದು ಎರಡು ಕಡ್ಡಿಯಿಂದ ನೂಡಲ್ಸ್ ತಿಂದು ಶಾಲೆಗೆ ಹೋಗುತ್ತಿದ್ದ. ಹಂಸಭಾವಿಯ ಅಜ್ಜಿ ಮೊಮ್ಮಗಳಿಗೆ ಹಿಮದಲ್ಲಿ ಜಾರದಂತೆ ನಡೆಯುವುದನ್ನು ಕಲಿಸುತ್ತಿದ್ದಳು.

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಫೋಟೋ ನೋಡಿದರು, ನನ್ನ ಮುಖ ನೋಡಿದರು.

"ನಿಂದೆಲ್ಲೈತಿ?"

"ಇಲ್ರಿ ಅತ್ತಿ."

"ರಾಶಿ ಮಾಡಿದಾಕಿ ನೀನು, ಚೀಲದ ಮ್ಯಾಲೆ ಹೆಸರು ಅವಂದು. ಪ್ಯಾಟ್ಯಾಗ ಹಿಂಗ ಮಾಡಿದ್ರ ಮಂದಿ ಸುಮ್ನ ಬಿಡತಾರನು? ನಾ ಆಗಿದ್ರ ಅವತ್ತ ಚಾದಾಗ ಸಕ್ಕರಿ ಬದಲಿ ಉಪ್ಪ ಹಾಕತಿದ್ದೆ."

ಫೋನು ಮಾಡಿದೆ. ಸರ್ ಒಂದಿಷ್ಟೂ ತಡವರಿಸಲಿಲ್ಲ. "ಅಯ್ಯ ತಂಗಿ, ಅದು ಪ್ರೆಸ್ಸಿನವ್ರ ತಪ್ಪು ನೋಡು. ಮುಂದಿನ ಸಲ ಹಾಕಿಸೂಣು," ಎಂದರು. ಪ್ರೆಸ್ಸಿನವರಿಗೆ ಕರಡು ಇನ್ನೂ ಹೋಗಿಯೇ ಇರಲಿಲ್ಲ. ಅದನ್ನು ಹೇಳಿದೆ. "ನಾವೇನ್ ಬ್ಯಾರೇನವಾ? ಒಂದ ಮನಿಯವ್ರು. ನನ್ನ ಹೆಸರಿದ್ರೇನು, ನಿಂದಿದ್ರೇನು?" ಎಂದರು. ಹಾಗಿದ್ದರೆ ನಿಮ್ಮದು ತೆಗೆದು ನನ್ನದು ಹಾಕಿ ಎಂದೆ. ಆ ಕಡೆ ಗಟಗಟ ನೀರು ಕುಡಿದ ಸಪ್ಪಳ. "ಕ್ಲಾಸಿಗೆ ಹೊತ್ತಾತು," ಎಂದು ಫೋನು ಇಟ್ಟರು.

ಅಳಲಿಲ್ಲ. ಯಾಕೆಂದರೆ ಆ ಒಂದು ಫೋನಿನಲ್ಲಿ ನನಗೆ ಮೂರು ಬಹಳ ಒಳ್ಳೆಯ ತಪ್ಪು ಉತ್ತರಗಳು ಸಿಕ್ಕಿದ್ದವು.

ಕರಡಿನ ಹನ್ನೆರಡನೇ ಪ್ಯಾಸೇಜ್ ಹಿಮದ ಅಜ್ಜಿಯದು. ಅದನ್ನು ತೆಗೆದು ಅಲ್ಲಿ ಹೊಸದೊಂದನ್ನು ಬರೆದು ಕೂಡಿಸಿದೆ. ಹೆದ್ದಾರಿ ಪಕ್ಕದ ಒಂದು ಸಣ್ಣ ಊರು, ಅಲ್ಲೊಬ್ಬ ಹೆಸರುವಾಸಿ ಮಾಸ್ತರ, ಅವನ ಕ್ಲಾಸಿನಲ್ಲಿ ಕಲಿಸುವ ಒಬ್ಬ ಹೆಂಗಸು, ಅವಳು ಬರೆದ ಪಾಠಗಳು, ಅವನ ಹೆಸರಿನ ಪುಸ್ತಕ. ಬೈಗುಳ ಇಲ್ಲ, ಉಪ್ಪುಖಾರ ಇಲ್ಲ, ನಡೆದದ್ದನ್ನು ನಡೆದ ಹಾಗೆ ಬರೆದೆ. ಕೆಳಗೆ ನಾಲ್ಕು ಪ್ರಶ್ನೆ. ಮೋಸ ಅನ್ನುತ್ತೀರಾ? ಕಣ್ಣಾಡಿಸಿ, ತಿದ್ದಿ, ಪ್ರೆಸ್ಸಿಗೆ ಕಳಿಸಿ ಎಂದವರು ಅವರೇ. ಪ್ರೆಸ್ಸಿಗೆ ಕಳಿಸಿದ ಪ್ರತಿಯನ್ನೇ ಸರ್‌ಗೂ ಕಳಿಸಿದೆ, ‘ಒಮ್ಮೆ ಓದಿ ಸರ್’ ಎಂದು ಬರೆದು. ತಕ್ಷಣ ಹೆಬ್ಬೆರಳು ಎತ್ತಿದ ಚಿತ್ರ ಬಂತು.

ಪುಸ್ತಕ ಬಿಡುಗಡೆ ಹಿರೇಕೆರೂರಿನ ಒಂದು ಕಲ್ಯಾಣಮಂಟಪದಲ್ಲಿ. ನಮ್ಮ ಕಡೆ ಬಿಡುಗಡೆ ಅಂದರೆ ವೇದಿಕೆ ತುಂಬ ಕುರ್ಚಿ, ಕುರ್ಚಿ ತುಂಬ ಗಣ್ಯರು, ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಅವರ ನಡುವೆ ಪುಸ್ತಕದಲ್ಲಿ ಏನಿದೆ ಎಂದು ಹೇಳಲು ಒಬ್ಬರು ಬೇಕು. ಆ ಕೆಲಸ ಯಾರಿಗೂ ಬೇಡ, ಯಾಕೆಂದರೆ ಅದಕ್ಕೆ ಪುಸ್ತಕ ಓದಿರಬೇಕು. ಹಾಗಾಗಿ ಕರೆಯೋಲೆಯಲ್ಲಿ ‘ಕೃತಿ ಪರಿಚಯ’ದ ಮುಂದೆ ನನ್ನ ಹೆಸರು ಹಾಕಿದ್ದರು. ಸಮಾಧಾನಕ್ಕೆ ಇಷ್ಟು ಸಾಕು ಎಂದು ಸರ್ ಲೆಕ್ಕ ಹಾಕಿರಬೇಕು.

ಮಂಟಪ ತುಂಬಿತ್ತು. ಹಾನಗಲ್, ಸವಣೂರು, ಹಂಸಭಾವಿಯಿಂದ ಮಕ್ಕಳು ಟೆಂಪೊ ಮಾಡಿಕೊಂಡು ಬಂದಿದ್ದರು, ಜೊತೆಗೆ ಅವರ ಅವ್ವ, ಅಪ್ಪ. ಪ್ರತಿ ಮಗುವಿನ ಕೈಯಲ್ಲೂ ಹೊಸ ಪುಸ್ತಕ. ನಾನು ಮೈಕ್ ಮುಂದೆ ನಿಂತು, "ಪುಸ್ತಕದ ಬಗ್ಗೆ ನಾನೇನು ಹೇಳಲಿ? ಸರ್ ತಮ್ಮ ಉಪಾಯವನ್ನು ಇಲ್ಲೇ ಮಾಡಿ ತೋರಿಸಲಿ, ತಂದೆತಾಯಂದಿರೂ ನೋಡಲಿ," ಎಂದೆ. ಚಪ್ಪಾಳೆ ಬಿತ್ತು. ಸರ್ ಶಾಲು ಸರಿಪಡಿಸಿಕೊಂಡು ಮುಂದೆ ಬಂದರು.

"ಯಾವುದು ಮಾಡೂಣ್ರಿ ಮೇಡಂ?"

"ಹನ್ನೆರಡನೇದು ಮಾಡ್ರಿ ಸರ್. ನಂಗ ಭಾಳ ಸೇರಿದ್ದು ಅದ."

ಸರ್ ಪುಟ ತೆಗೆದರು. ಕಥೆಯನ್ನು ಬಿಟ್ಟು ನೇರ ಪ್ರಶ್ನೆಗೆ ಇಳಿದರು. ಮೊದಲನೆಯದು, ಪಾಠಗಳನ್ನು ಬರೆದವರು ಯಾರು? "ನೋಡ್ರಿ ಮಕ್ಕಳಾ, ‘ಪಾಠ’ ಅನ್ನೂ ಶಬ್ದ ಎಲ್ಲೈತಿ? ಹಾಂ, ಸಿಕ್ತು." ಇಂಗ್ಲಿಷಿನಲ್ಲಿ ಜೋರಾಗಿ ಓದಿ, ಹಿರಿಯರಿಗೆ ತಿಳಿಯಲೆಂದು ಕನ್ನಡದಲ್ಲೂ ಹೇಳಿದರು. "ಪಾಠಾ ಬರದಾಕಿ ಮಾಸ್ತರನ ಕ್ಲಾಸಿನ್ಯಾಗ ಕಲಸೂ ಒಬ್ಬಾಕಿ ಹೆಣ್ಮಗಳು. ಎಷ್ಟ ಸರಳ ಐತಿ ನೋಡ್ರಿ."

ಎರಡನೆಯದು, ರಟ್ಟಿನ ಮೇಲೆ ಯಾರ ಹೆಸರಿತ್ತು? ಬೆರಳು ಸಾಲಿನ ಮೇಲೆ ಓಡಿತು, ನಿಂತಿತು. "ಮಾಸ್ತರಂದು..." ಎಂದರು. ದನಿ ಇಳಿದಿತ್ತು. ಪುಸ್ತಕ ಮುಚ್ಚಿ ರಟ್ಟು ನೋಡಿ ಮತ್ತೆ ತೆರೆದರು.

ಮೂರನೆಯದು, ಈ ಪ್ಯಾಸೇಜ್ ಪುಸ್ತಕದಲ್ಲಿ ಇರುವುದು ಮಾಸ್ತರನಿಗೆ ಯಾಕೆ ತಿಳಿಯಲಿಲ್ಲ? ಸರ್ ಓದಲಿಲ್ಲ. ಅವರು ಓದಬೇಕಾಗಿಯೂ ಇರಲಿಲ್ಲ. ಅವರೇ ತಯಾರು ಮಾಡಿದ ಮಕ್ಕಳು, ಶಬ್ದ ಹುಡುಕಿ ಆಗಲೇ ಸಾಲು ಹಿಡಿದಿದ್ದರು. "ಮಾಸ್ತರು ಪ್ಯಾಸೇಜ್ ಓದಂಗಿಲ್ರಿ ಸರ್," ಎಂದು ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಶಾಂತವಾಗಿ ಹೇಳಿದಳು.

ಮಂಟಪದಲ್ಲಿ ಗುಸುಗುಸು ಎದ್ದಿತು. ಸರ್ ನನ್ನ ಕಡೆ ತಿರುಗಿದರು. ನಾನು ಮೈಕ್ ಬಿಟ್ಟುಕೊಡದೆ ನಾಲ್ಕನೆಯದನ್ನು ನಾನೇ ಓದಿದೆ. ಮಾಸ್ತರ ಈಗ ಏನು ಮಾಡಬೇಕು?

ಸರ್ ನಕ್ಕರು. "ಇಲ್ಲೊಂದು ಸಣ್ಣದು ಆಗೈತ್ರಿ, ಏನಿಲ್ಲ, ಅದು ಪ್ರೆಸ್ಸಿನವ್ರ ತಪ್ಪು."

"ಎ," ಎಂದರು ಮಕ್ಕಳು. ಕೆಣಕಲು ಹೇಳಿದ್ದಲ್ಲ, ಪಾಪ. ಕ್ಲಾಸಿನಲ್ಲಿ ಉತ್ತರ ಕಂಡ ಕೂಡಲೇ ಅಕ್ಷರ ಹೇಳಬೇಕೆಂದು ಸರ್ ಅವರೇ ರೂಢಿ ಮಾಡಿಸಿದ್ದರು. ಪುಸ್ತಕದಲ್ಲಿ ‘ಎ’ಯ ಮುಂದೆ ಅದೇ ಇತ್ತು, ಪ್ರೆಸ್ಸಿನವರ ತಪ್ಪು ಎನ್ನಬೇಕು.

ಸರ್ ಬೆವರು ಒರೆಸಿಕೊಂಡರು. "ಮೇಡಮ್ಮಾರು ನಾವು ಏನ್ ಬ್ಯಾರೇ ಅಲ್ರಿ. ಒಂದ ಮನಿಯವ್ರಿದ್ದಂಗ."

"ಬಿ." ಈ ಸಲ ದನಿ ದೊಡ್ಡದಾಗಿತ್ತು. ಹಿಂದೆ ಯಾರೋ ಕಿಸಕ್ಕೆಂದರು.

ಸರ್ ಮೇಜಿನ ಮೇಲಿದ್ದ ನೀರಿನ ಬಾಟಲಿಗೆ ಕೈ ಹಾಕಿದರು.

"ಡಿ!"

ಇಡೀ ಮಂಟಪ ನಕ್ಕಿತು. ಇಂಗ್ಲಿಷ್ ಬಾರದ ಅಪ್ಪಂದಿರಿಗೆ ಮಕ್ಕಳು ಬಗ್ಗಿ ಅರ್ಥ ಹೇಳುತ್ತಿದ್ದರು, ಅರ್ಥವಾದ ಸಾಲು ಸಾಲೇ ನಗುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ನನ್ನ ಅತ್ತೆ ಸೆರಗು ಬಾಯಿಗೆ ಹಿಡಿದು ಅಲುಗಾಡುತ್ತಿದ್ದರು. ಸರ್ ಬಾಟಲಿಯನ್ನು ಮುಚ್ಚಳ ತೆಗೆಯದೆ ಕೆಳಗಿಟ್ಟರು. ಇನ್ನು ಉಳಿದದ್ದು ಒಂದೇ ಅಕ್ಷರ. ‘ಸಿ’ಯ ಮುಂದೆ ನಾನು ಬರೆದದ್ದು ಇಷ್ಟೇ: ಎಲ್ಲರ ಎದುರಿಗೆ ಬರೆದವಳ ಹೆಸರು ಹೇಳಬೇಕು.

ಹೇಳಿದರು. ಮೊದಲು ಗಂಟಲಲ್ಲೇ ಹೇಳಿದರು. "ಕೇಳಸವಲ್ದರಿ," ಎಂದರು ನನ್ನ ಅತ್ತೆ, ಕೂತಲ್ಲಿಂದಲೇ. ಎರಡನೇ ಸಲ ಪೂರ್ತಿ ಹೇಳಿದರು, ಅಡ್ಡಹೆಸರಿನ ಸಮೇತ. ಮಕ್ಕಳು ಚಪ್ಪಾಳೆ ತಟ್ಟಿದರು, ಉತ್ತರ ಸರಿಯಾಗಿದ್ದಕ್ಕೆ. ಸರ್ ತಮ್ಮ ಶಾಲು ತೆಗೆದು ನನಗೆ ಹೊದಿಸಲು ಬಂದರು. "ಅದು ನಿಮ್ಮದ ಇರ್ಲಿ ಸರ್. ನಂಗ ರಟ್ಟಿನ ಮ್ಯಾಲೆ ಹೆಸರು ಸಾಕು," ಎಂದು ಮೈಕಿನಲ್ಲೇ ಹೇಳಿದೆ.

ಮಾರನೇ ದಿನ ನನ್ನ ಹೆಸರು ಅಚ್ಚು ಹಾಕಿಸಿದ ಚೀಟಿಗಳು ಬಂದವು. ಉಳಿದ ಪ್ರತಿಗಳಿಗೆ ಅಂಟಿಸಲು ಸರ್ ಆಳು ಕಳಿಸುತ್ತೇನೆ ಎಂದರು. ಬೇಡ, ನೀವೇ ಬನ್ನಿ ಎಂದೆ. ಬಂದರು. ನಮ್ಮ ಪಡಸಾಲೆಯಲ್ಲಿ ಗೋಂದಿನ ಬಾಟಲಿ ಇಟ್ಟುಕೊಂಡು ಒಂದೊಂದೇ ರಟ್ಟಿನ ಮೇಲೆ, ತಮ್ಮ ಫೋಟೋದ ಹಣೆಯ ಮೇಲ್ಭಾಗಕ್ಕೆ ನನ್ನ ಹೆಸರು ಅಂಟಿಸಿದರು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಸೊಟ್ಟ ಆದಲ್ಲಿ ಕಿತ್ತು ಮತ್ತೆ ಹಚ್ಚಿಸಿದೆ. ಅತ್ತೆ ಚಹಾ ತಂದಿಟ್ಟರು. ಸರ್ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟು, ಆಮೇಲೆ ಅದನ್ನು ಮುಟ್ಟಲಿಲ್ಲ. ಏನು ಹಾಕಿದಿರಿ ಎಂದು ನಾನು ಇವತ್ತಿನವರೆಗೆ ಕೇಳಿಲ್ಲ.

ಅವರ ಕ್ಲಾಸಿಗೆ ಮತ್ತೆ ಕಾಲಿಡಲಿಲ್ಲ. ಸವಣೂರಿನ ಶಾಖೆಯಲ್ಲಿ ಈಗಲೂ ಸರ್ ನೀರಿನ ಬಾಟಲಿ ಎತ್ತಿದರೆ ಹಿಂದಿನ ಬೆಂಚಿನಿಂದ ‘ಡಿ’ ಎಂದು ಕೇಳುತ್ತದಂತೆ. ಅಲ್ಲಿ ಓದುವ ನನ್ನ ತಂಗಿಯ ಮಗಳು ವರದಿ ಕೊಡುತ್ತಾಳೆ. ಅದನ್ನು ಕೇಳಿದ ದಿನ ನನಗೆ ರೊಟ್ಟಿ ಒಂದು ಹೆಚ್ಚು ಸೇರುತ್ತದೆ.

ಮೊನ್ನೆ ಸರ್ ಫೋನು ಬಂತು. ಪುಸ್ತಕ ಮರುಮುದ್ರಣಕ್ಕೆ ಹೋಗುತ್ತಿದೆ.

"ತಂಗಿ, ನಿನ್ನ ಹೆಸರು ಮ್ಯಾಲೆ ಹಾಕಿಸೇನಿ. ಆ ಹನ್ನೆರಡನೇದೊಂದು ತಗದಬಿಡೂಣಲಾ?"

"ಅದನ್ನ ಓದಿದ್ರೇನ್ರಿ ಸರ್?"

"ಓದೇನವಾ. ಮೊದಲಿಂದ ಕಡೀತನಕ. ಭಾಳ ಸಲ ಓದೇನಿ."

"ಹಂಗಿದ್ರ ಇರ್ಲಿ ಬಿಡ್ರಿ," ಎಂದೆ. ಆ ಕಡೆ ಗಟಗಟ ನೀರು ಕುಡಿದ ಸಪ್ಪಳ ಕೇಳಿಸಿತು.