ಮುಟ್ಟಿದರೆ ಗೊತ್ತು, ನೋಡಿದರೆ ಇಲ್ಲ

ಕೂಸಾಗಿದ್ದಾಗ ನಾನು ಅವ್ವನ ಕೊರಳಿನ ಬೆಳ್ಳಿಯ ಗುಂಡಗಡಗಿಯನ್ನು ಅವಳ ಮೈಯ ಭಾಗವೆಂದೇ ತಿಳಿದಿದ್ದೆನಂತೆ. ಮೂಗು, ಕಿವಿ ಇದ್ದ ಹಾಗೆ ಅದೂ ಒಂದು. ಪೂಜೆಗೆಂದು ಅವಳು ಅದನ್ನು ತೆರೆದು ಒಳಗಿನ ಇಷ್ಟಲಿಂಗವನ್ನು ತೆಗೆದರೆ, ಅವಳಿಗೆ ನೋವಾಯಿತೆಂದು ಚೀರುತ್ತಿದ್ದೆ. ಇಳಕಲ್ಲಿನ ನಮ್ಮ ಓಣಿಗೆಲ್ಲ ಈ ಕತೆ ಹೇಳಿ ಅವ್ವ ನಗುತ್ತಿದ್ದಳು. ಯಾವುದು ಏನೆಂದು ಒಂದೊಂದಾಗಿ ನನಗೆ ತಿಳಿಸಿಕೊಟ್ಟವಳೂ ಅವಳೇ.

ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಪುಣ್ಯಕ್ಕೆ ಕೈಕಾಲು ಉಳಿದವು, ಮಾತೂ ಉಳಿಯಿತು. ಆದರೆ ಎದುರಿಗಿದ್ದ ಬಾಚಣಿಗೆಯನ್ನು ನೋಡುತ್ತ "ಇದೇನೋ, ಹಲ್ಲ ಹಲ್ಲಿಂದು?" ಎಂದು ಕೇಳತೊಡಗಿದಳು. ಬಾಗಲಕೋಟೆಯ ಡಾಕ್ಟರು "ಕಣ್ಣು ಚಲೋ ಅದಾವ್ರಿ. ಕಂಡದ್ದು ಏನಂತ ತಲಿಗೆ ತಿಳೀವಲ್ದು" ಎಂದರು. ಇದಕ್ಕೆ ಔಷಧ ಏನು ಎಂದರೆ ಮುಂದಿನ ರೋಗಿಯನ್ನು ಕರೆದರು. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳಲಿ? ಅವ್ವನ ಕೈಹಿಡಿದು ಬಸ್ಸು ಹತ್ತಿದೆ.

ಮನೆಯಲ್ಲಿ ಕೈಯಿಂದಲೇ ಅವಳ ಸಂಸಾರ ನಡೆಯಿತು. ಸೌಟು, ಚಿಲಕ, ಸೀರೆಯ ಸೆರಗು, ಎಲ್ಲ ಮುಟ್ಟಿದರೆ ಗೊತ್ತಾಗುತ್ತಿತ್ತು. ಪೂಜೆ ಮಾತ್ರ ಹಾಗಲ್ಲ. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದಿಟ್ಟಿಸಿ ನೋಡುವುದೇ ಪೂಜೆ. ಅವ್ವ ನೋಡುವಳು. "ಏನಿದು, ನೇರಳಿಹಣ್ಣೇನ?" ಮುಷ್ಟಿ ಮುಚ್ಚಿದೊಡನೆ "ಅಯ್ಯ ನಮ್ಮಪ್ಪಾ!" ಎನ್ನುವಳು. ತೆರೆದರೆ ಮತ್ತೆ ನೇರಳೆ. ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ.

"ಕಣ್ಣ ಮುಚ್ಚಿ ಮಾಡಬೇ, ನಡೀತೈತಿ" ಎಂದೆ ಒಮ್ಮೆ.

"ಕಣ್ಣ ಮುಚ್ಚಿ ಉಣ್ಣಬಹುದು. ನೋಡಾಕ ಹೆಂಗ ಬರ್ತೈತಲೇ ಶಾಣ್ಯಾ?"

ಒಂದು ಮುಂಜಾನೆ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ತನ್ನ ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡುವುದು ನಮ್ಮಲ್ಲಿಲ್ಲ. ಸತ್ತರೂ ಅದು ಅವರ ಜೊತೆಗೇ ಮಣ್ಣಿಗೆ ಹೋಗಬೇಕು. ದವಾಖಾನೆಯಲ್ಲಿ ಗುಂಡಗಡಗಿ ಬಿಚ್ಚಲು ಹೇಳಿದ ನರ್ಸಿನ ಮೇಲೆ ಹರಿಹಾಯ್ದಿದ್ದ ಅವ್ವ, ಆ ದಿನ ತಾನಾಗಿ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟಳು.

"ನನ್ನ ಬದ್ಲಿ ನೀ ನೋಡಪಾ."

ನೋಡಿದೆ. ಕಪ್ಪಗೆ, ಗುಂಡಗೆ, ನುಣ್ಣಗೆ ಇತ್ತು. ಅವಳು ಇಷ್ಟು ವರ್ಷ ಏನು ಕಾಣುತ್ತಿದ್ದಳೋ ಅದು ನನಗೆ ಕಾಣಲಿಲ್ಲ.

"ಕಾಣಾಕತ್ತೈತೇನೋ?"

"ಕಾಣಾಕತ್ತೈತಬೇ."

ಅವಳ ಮುಖ ಹಗುರಾಯಿತು. "ಹಂಗಾರ ಇನ್ನಷ್ಟೊತ್ತು ನೋಡು. ನಿನ್ನ ಪೂಜಿನೂ ಬಾಕಿ ಉಳದೈತಿ" ಎಂದಳು.