ನೀರಲ್ಲಿ ತೊಳೆದುಹೋದ ಸುಣ್ಣ

2001ರಲ್ಲಿ ನಾನು ಮೈಸೂರಿನ ನಜರ್‌ಬಾದಿನ ಒಂದು ಖಾಸಗಿ ಪರೀಕ್ಷಾಲಯದಲ್ಲಿ ಕೆಲಸಕ್ಕಿದ್ದೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಮೂರು ವರ್ಷವಾಗಿತ್ತು. ಕ್ಲಿಂಕರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ವರದಿ ಬರೆಯುವುದು ನನ್ನ ಪಾಲಿನ ಕೆಲಸ. ಸುಣ್ಣದ ಕಲ್ಲು, ಜೇಡಿಮಣ್ಣು ಸುಟ್ಟಾಗ ಬರುವ ಬೂದು ಉಂಡೆಗಳೇ ಕ್ಲಿಂಕರ್; ಅದನ್ನು ಪುಡಿ ಮಾಡಿದರೆ ಸಿಮೆಂಟ್. ಉಂಡೆಯನ್ನು ರೆಸಿನ್‌ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕೂರಿಸಿ, ಬಿಲ್ಲೆ ಮಾಡಿ, ಕನ್ನಡಿಯಂತೆ ಪಾಲಿಶ್ ಮಾಡಿದರೆ ಒಳಗಿನ ಹರಳುಗಳು ಕಾಣುತ್ತವೆ. ಅಲ್ಲಿ ಹೆಚ್ಚಿರಬಾರದ್ದು ಫ್ರೀ ಲೈಮ್, ಅಂದರೆ ಯಾವುದರೊಂದಿಗೂ ಕೂಡದೆ ಉಳಿದ ಸುಟ್ಟ ಸುಣ್ಣ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದು ತಿಂಗಳುಗಟ್ಟಲೆ ನೀರು ಕುಡಿದು ಉಬ್ಬಿ, ಒಳಗಿನಿಂದಲೇ ಸೀಳುತ್ತದೆ.

ಕುವೆಂಪುನಗರದ ಒಂದು ಶಾಲೆಯ ಅಂಗಳದಲ್ಲಿ ನಾಲ್ಕು ಕಂಬಗಳ ಮೇಲೆ ಹೊಸ ನೀರಿನ ಟ್ಯಾಂಕ್ ಕಟ್ಟಿದ್ದರು. ಕೆಳಗೆ ನಲ್ಲಿಗಳ ಸಾಲು. ಮಧ್ಯಾಹ್ನ ಮಕ್ಕಳು ಊಟದ ಡಬ್ಬಿ ತೊಳೆಯುತ್ತಿದ್ದುದು ಅಲ್ಲೇ. ವರ್ಷ ತುಂಬುವ ಮೊದಲೇ ಟ್ಯಾಂಕಿನ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಹೆಡ್‌ಮಿಸ್ ಸುಶೀಲಮ್ಮ ಪರೀಕ್ಷೆಯಾಗಲೇಬೇಕೆಂದು ಹಟ ಹಿಡಿದರು. ಕಂಟ್ರಾಕ್ಟರ್ ರಾಜಪ್ಪ, ತಾನು ಸಿಮೆಂಟ್ ಕೊಂಡಿದ್ದ ಅರೆಯುವ ಘಟಕದಲ್ಲಿ ಉಳಿದಿದ್ದ ಅದೇ ಕ್ಲಿಂಕರನ್ನು ಬಿಸ್ಕತ್ತಿನ ಡಬ್ಬದಲ್ಲಿ ತಂದುಕೊಟ್ಟರು. ರಾಸಾಯನಿಕ ಪರೀಕ್ಷೆಯೂ ಆಗಲಿ ಎಂದು ನಾನು ಹೇಳಿದರೆ, ಅಷ್ಟು ದಿನ ಕಾಯೋಕ್ಕಾಗಲ್ಲ ಎಂದರು. ನನ್ನ ಬಿಲ್ಲೆಯಲ್ಲಿ ಫ್ರೀ ಲೈಮ್ ಒಂದು ಕಣವೂ ಕಾಣಲಿಲ್ಲ. ಹಾಗೆಂದೇ ಬರೆದು ಸಹಿ ಹಾಕಿದೆ. ರಾಜಪ್ಪ ಬಿರುಕುಗಳಿಗೆ ಗಾರೆ ಬಳಿಸಿದರು.

ಮೂರು ವಾರಕ್ಕೆ ಸುಶೀಲಮ್ಮ ನೇರವಾಗಿ ಪರೀಕ್ಷಾಲಯಕ್ಕೇ ಬಂದರು. ಗಾರೆಯೂ ಬಿಟ್ಟುಕೊಂಡಿತ್ತು.

"ನೀನು ನೋಡಿದ್ದು ನಮ್ಮ ಟ್ಯಾಂಕಿನ ಮಾಲೇನಮ್ಮಾ, ಇಲ್ಲಾ ಆತ ಎಲ್ಲಿಂದಲೋ ಆರಿಸಿ ತಂದಿದ್ದಾ?"

ನನಗೂ ಆ ಉಂಡೆಗಳು ನೆನಪಾದವು. ಧೂಳಿಲ್ಲದೆ, ಒಂದೇ ಗಾತ್ರದವು. ಮಾರನೆಯ ದಿನ ಯಾರಿಗೂ ಹೇಳದೆ ಮೊಪೆಡ್ ಹತ್ತಿ ಸಿಮೆಂಟ್ ಅರೆಯುವ ಆ ಘಟಕಕ್ಕೆ ಹೋದೆ. ರಾಶಿಯ ಒಳಗೆ ಕೈಹಾಕಿ ನಾನೇ ಉಂಡೆಗಳನ್ನು ತಂದೆ. ಎರಡು ದಿನದ ಮೇಲೆ ನೋಡಿದರೆ ಇದರಲ್ಲೂ ಫ್ರೀ ಲೈಮ್ ಇಲ್ಲ. ರಾಜಪ್ಪ ಮಾಲು ಬದಲಿಸಿರಲಿಲ್ಲ.

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಎರಡೂ ಬಿಲ್ಲೆಗಳಲ್ಲಿ ಪುಟ್ಟ ಗುಂಡು ಕುಳಿಗಳಿದ್ದವು. ಮೊದಲ ಸಲ ಅವನ್ನು ಗಾಳಿಗುಳ್ಳೆಗಳೆಂದು ಬಿಟ್ಟಿದ್ದೆ. ಗಾಳಿಗುಳ್ಳೆ ಎಲ್ಲೆಂದರಲ್ಲಿ ಇರುತ್ತದೆ. ಇವು ದ್ರಾಕ್ಷಿಯಂತೆ ಗೊಂಚಲು ಗೊಂಚಲಾಗಿದ್ದವು. ಅಲ್ಲಿದ್ದ ಏನೋ ಎದ್ದುಹೋಗಿತ್ತು.

ಪಾಲಿಶಿಂಗ್ ಕೋಣೆಗೆ ಹೋದೆ. ಹದಿನೆಂಟು ವರ್ಷದ ಅನುಭವವಿದ್ದ ನಂಜುಂಡಯ್ಯನವರು ಚಕ್ರದ ಮೇಲೆ ಬಾಟಲಿಯಿಂದ ಹನಿ ಬಿಡುತ್ತಿದ್ದರು. ಕ್ಲಿಂಕರ್ ಪಾಲಿಶ್ ಮಾಡಲು ಬಳಸಬೇಕಾದ ಸ್ಪಿರಿಟ್‌ನ ವಾಸನೆಯೇ ಇರಲಿಲ್ಲ.

"ಏನದು ನಂಜುಂಡಯ್ಯನವರೇ?"

"ನೀರು ಮೇಡಂ. ಸ್ಪಿರಿಟ್ ಮುಗ್ದು ಎರಡು ತಿಂಗ್ಳಾಯ್ತು. ಆಫೀಸ್ನೋರು ತರ್ಸಿಕೊಡ್ಲಿಲ್ಲ. ನೀರಲ್ಲೇ ಹೊಳಪು ಚೆನ್ನಾಗ್ ಬಂದದೆ ಅಂತ ನೀವೇ ಹೊಗಳಿದ್ರಲ್ಲ."

ಹೊಗಳಿದ್ದೆ. ಗ್ರಾನೈಟಿಗೆ ನೀರು ಸಾಕು. ಕ್ಲಿಂಕರಿಗೆ ನೀರು ಹಾಕಿದರೆ, ನಾವು ಹುಡುಕುವ ಸುಣ್ಣವೇ ಮೊದಲು ಕರಗಿ ತೊಳೆದುಹೋಗುತ್ತದೆ.

ಸ್ಪಿರಿಟ್ ತರಿಸಿ, ಹೊಸ ಬಿಲ್ಲೆಯನ್ನು ನಾನೇ ಪಾಲಿಶ್ ಮಾಡಿದೆ. ಇನ್ನೂರು ಪಟ್ಟು ಹಿಗ್ಗಿಸಿ ನೋಡಿದರೆ ಕುಳಿಗಳ ಬದಲು ಅದೇ ಗೊಂಚಲುಗಳಲ್ಲಿ ಸುಣ್ಣದ ಗುಂಡು ಕಣಗಳು ತುಂಬಿದ್ದವು. ಶಾಲೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮೊಪೆಡ್ ಹತ್ತಿದೆ.

ಅಲ್ಲಿ ಊಟದ ಹೊತ್ತು. ಸೋರಿಕೆ ನೋಡಲು ರಾಜಪ್ಪ ಅಂದೇ ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿದ್ದರು. ನಲ್ಲಿಗಳ ಮುಂದೆ ಮಕ್ಕಳು ಸಾಲುಗಟ್ಟಿದ್ದರು. ಟ್ಯಾಂಕ್ ಖಾಲಿ ಮಾಡಿಸಿ ಎಂದೆ. ರಾಜಪ್ಪ ಪ್ಲಾಸ್ಟಿಕ್ ಕವರಿನಿಂದ ನನ್ನ ವರದಿಯನ್ನೇ ತೆಗೆದರು.

"ನೀವೇ ಬರ್ದು, ನೀವೇ ಬಂದು ಬೇಡ ಅಂತೀರಲ್ಲ ಮೇಡಂ."

ಸುಶೀಲಮ್ಮ ನನ್ನನ್ನೇ ನೋಡಿದರು. "ಯಾವುದನ್ನ ನಂಬ್ಲಿ ಹೇಳು."

"ಅದು ತಪ್ಪು ವರದಿ, ತಪ್ಪು ನಂದೇ. ಮಕ್ಕಳನ್ನ ಮೈದಾನಕ್ಕೆ ಕಳಿಸಿ, ಅಮ್ಮ."

ಅವರು ಮತ್ತೊಂದು ಮಾತು ಕೇಳದೆ ಗಂಟೆ ಹೊಡೆಸಿದರು. ಮಕ್ಕಳು ಗೊಣಗುತ್ತ, ಎಂಜಲು ಡಬ್ಬಿ ಹಿಡಿದೇ ಆಚೆ ಹೋದರು. ರಾಜಪ್ಪ ವಾಲ್ವ್ ತಿರುಗಿಸಿದರು. ನೀರು ಕಾಲು ಭಾಗ ಇಳಿದಿರಬಹುದು, ಟ್ಯಾಂಕಿನ ಒಂದು ಮೂಲೆ ಬಿಚ್ಚಿಕೊಂಡು ಬಾಗಿಲಗಲದ ಕಾಂಕ್ರೀಟ್ ನೀರಿನೊಂದಿಗೆ ನಲ್ಲಿಗಳ ಮೇಲೆ ಬಿತ್ತು. ಯಾರೋ ಮರೆತಿದ್ದ ಸ್ಟೀಲ್ ಡಬ್ಬಿ ತಟ್ಟೆಯಂತೆ ಚಪ್ಪಟೆಯಾಗಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಡಬ್ಬಿ ಕಾಣುತ್ತದೆ. ಗಂಟೆ ಹೊಡೆಯುವುದಕ್ಕೆ ಮುಂಚಿನ ಆ ಮಕ್ಕಳ ಸಾಲೂ ಕಾಣುತ್ತದೆ.

ರಾಜಪ್ಪ ಮೈಯೆಲ್ಲ ಒದ್ದೆಯಾಗಿ ಆ ವರದಿಯನ್ನು ಹಿಡಿದೇ ನಿಂತಿದ್ದರು. "ಇದನ್ನ ನಂಬಿದ್ದೆ ಕಣ್ರೀ," ಅಂದರು, ಅಷ್ಟೇ.

ಉಂಡೆ ತಂದವರನ್ನು ಅನುಮಾನಿಸಿದೆ, ರಾಶಿಯನ್ನು ಅನುಮಾನಿಸಿದೆ. ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದ ಚಕ್ರದ ಬಗ್ಗೆ ಅನುಮಾನ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಆಮೇಲೆ ಕೆಲಸದಲ್ಲಿದ್ದಷ್ಟೂ ವರ್ಷ, ಕಣ್ಣನ್ನು ಲೆನ್ಸಿಗೆ ಒಡ್ಡುವ ಮೊದಲು ಪಾಲಿಶಿಂಗ್ ಕೋಣೆಗೆ ಹೋಗಿ ಆ ಬಾಟಲಿಯನ್ನು ಮೂಸಿ ನೋಡಿಯೇ ಬರುತ್ತಿದ್ದೆ.