ಏಳನೇ ತಿಂಗಳಲ್ಲಿ ಹೊಲಿದ ಕೌದಿ

ಮಗಳ ಹೆರಿಗೆಗೆ ಇನ್ನೂ ಎರಡು ತಿಂಗಳು ಇರುವಾಗಲೇ ನಾನು ಮಗುವಿಗೊಂದು ಕೌದಿ ಹೊಲಿದೆ. ಹಾಗೆ ಹೊಲಿಯಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಗು ಕೈಗೆ ಬರುವ ತನಕ ಅದಕ್ಕೆಂದು ಒಂದು ಎಳೆ ನೂಲನ್ನೂ ತರುವುದಿಲ್ಲ. ಹುಟ್ಟಿದ ಮೇಲೂ ಮೊದಲು ಸುತ್ತುವುದು ಉಟ್ಟು ಉಟ್ಟು ಮೆತ್ತಗಾದ ಹಳೇ ಸೀರೆಯನ್ನೇ. ಹೊಸದೆಲ್ಲ ಹೆಸರಿಟ್ಟ ಮೇಲೆ. ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದೂ ಹೊಲಿದೆ, ಏಕೆಂದರೆ ಹೊಲಿಯಬೇಡಿ ಎಂದು ಹೇಳಿದವರು ನನ್ನ ಬೀಗಿತ್ತಿ.

ಬೀಗಿತ್ತಿ ಅಜ್ಜಂಪುರದವರು. ನನಗಿಂತ ಎಂಟೊಂಬತ್ತು ವರ್ಷಕ್ಕೆ ದೊಡ್ಡವರು, ಅದಕ್ಕೇ ಅಕ್ಕ ಎನ್ನುತ್ತೇನೆ. ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡರೆಂದರೆ ಸಂಜೆಯವರೆಗೂ ಯಾರಿಗಾದರೂ ಏನನ್ನಾದರೂ ಮಾಡಬೇಡಿ ಎನ್ನುವುದೇ ಅವರ ಕೆಲಸ. ಮಂಗಳವಾರ ಉಗುರು ತೆಗೀಬೇಡ, ಬಸುರಿ ಹೊಸ್ತಿಲ ಮೇಲೆ ಕೂರಬೇಡ, ದೀಪ ಹಚ್ಚೋ ಹೊತ್ತಲ್ಲಿ ಸೂಜಿ ಹಿಡೀಬೇಡಿ. ಕೊನೆಯದನ್ನು ಹೇಳಿದ್ದು ನನಗೆ. ಆ ಹೊತ್ತಲ್ಲಿ ಸೂಜಿ ಹಿಡಿಯದಿದ್ದರೆ ಗೌರಿ ಹಬ್ಬಕ್ಕೆ ತರೀಕೆರೆಯ ಅರ್ಧ ಹೆಂಗಸರು ಹಳೇ ಬ್ಲೌಸಲ್ಲೇ ಬಾಗಿನ ಕೊಡಬೇಕಾಗುತ್ತದೆ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಬಳೆ ತೊಡಿಸುವ ಶಾಸ್ತ್ರ ಮುಗಿಸಿ ಮಗಳನ್ನು ನಮ್ಮ ಮನೆಗೆ ಕರೆತರುವ ದಿನ, ಕಾರಿನ ಬಾಗಿಲು ಹಿಡಿದು ನಿಂತು, "ತುಂಡು ಬಟ್ಟೆ ಬೇಕಾದಷ್ಟಿದೆ ಅಂತ ಈಗ್ಲೇ ಏನಾದ್ರೂ ಹೊಲ್ದಿಟ್ಟೀರಿ ಮತ್ತೆ. ಮಗು ಬರೋಗಂಟ ಏನೂ ಮಾಡ್ಬೇಡಿ ಕಣಮ್ಮ" ಎಂದರು. "ಆಯ್ತಕ್ಕ" ಎಂದೆ. ತರೀಕೆರೆ ಮುಟ್ಟುವವರೆಗೂ ಒಳಗೊಳಗೇ ಕುದಿಯುತ್ತಿದ್ದೆ.

ನಾನು ಬ್ಲೌಸ್ ಹೊಲಿದೇ ಸಂಸಾರ ನಡೆಸಿದವಳು. ಗಂಡ ಹೋದ ಮೇಲೆ ಮಗಳನ್ನು ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಅದೇ ಮಷಿನ್ ತುಳಿದು. ಒಂದು ಬ್ಲೌಸ್ ಕತ್ತರಿಸಿದರೆ ತೋಳಿನ ಪಕ್ಕದ ಅರ್ಧಚಂದ್ರ, ಕುತ್ತಿಗೆಯ ತುಂಡು, ಅಂಗೈಯಗಲದ ಲೈನಿಂಗ್ ಬಟ್ಟೆ ಹೀಗೆ ಏನಾದರೂ ಉಳಿಯುತ್ತದೆ. ಕೇಳಿದವರಿಗೆ ವಾಪಸ್ ಕೊಡುತ್ತೇನೆ, ಬೇಡವೆಂದವರದನ್ನು ಗೋಣಿಚೀಲಕ್ಕೆ ತುಂಬುತ್ತೇನೆ. ಮಷಿನ್‌ಗೆ ಮೋಟಾರ್ ಕೂರಿಸಿದ ಮೇಲೆ, ಮೊಬೈಲಿನಲ್ಲಿ ಯಾರ್ಯಾರೋ ಮಾಡುವುದನ್ನು ನೋಡಿ ಆ ತುಂಡುಗಳನ್ನು ಜೋಡಿಸಿ, ಮಧ್ಯೆ ಹಳೇ ಸೀರೆಯ ಪದರ ಇಟ್ಟು, ಉದ್ದಕ್ಕೂ ಅಡ್ಡಕ್ಕೂ ಹೊಲಿಗೆ ಹಾಕುವುದು ಕಲಿತೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಮಿಕ್ಸಿಯ ಹೊದಿಕೆ, ಮೊಬೈಲಿನ ಚೀಲ. ನಮ್ಮ ಬೀದಿಯಲ್ಲಿ ನನ್ನ ಬಟ್ಟೆ ಹಿಡಿಯದೆ ಒಲೆಯಿಂದ ಕುಕ್ಕರ್ ಇಳಿಸುವವರೇ ಇಲ್ಲ.

ಇಷ್ಟೆಲ್ಲ ಬರುವ ಕೈ, ಆರು ವರ್ಷ ಕಾದು ನಿಂತ ಮೊದಲ ಮೊಮ್ಮಗುವಿಗೆ ಏನೂ ಮಾಡದೆ ಸುಮ್ಮನಿರಬೇಕಂತೆ.

ಮಗಳು ಮಧ್ಯಾಹ್ನ ಮಲಗಿದಾಗ ಚೀಲ ಸುರಿದುಕೊಂಡು ಕೂತೆ. ಜರಿಯ ತುಂಡು ಚುಚ್ಚುತ್ತದೆ, ಬೇಡ. ಪಾಲಿಸ್ಟರ್ ಬೆವರು ಹೀರುವುದಿಲ್ಲ, ಬೇಡ. ಹತ್ತಿಯದನ್ನಷ್ಟೇ ಆರಿಸಿ, ಎರಡೆರಡು ಸಲ ಒಗೆದು, ಅಂಗೈಯಗಲದ ಚೌಕಗಳಾಗಿ ಕತ್ತರಿಸಿ ಜೋಡಿಸಿದೆ. ಒಳಗೆ ನನ್ನದೇ ಹಳೇ ನೂಲಿನ ಸೀರೆ. ಆಮೇಲೆ ಓರೆಯಾಗಿ, ಎರಡು ಬೆರಳಿಗೊಂದರಂತೆ, ಒಂದನ್ನೊಂದು ದಾಟುವ ಹೊಲಿಗೆಗಳು. ಮಗು ಎಳೆದಾಡುತ್ತದೆ, ದಿನಾ ಒಗೆಯಬೇಕಾಗುತ್ತದೆ ಎಂದು ಹೊಲಿಗೆಯನ್ನು ತೀರಾ ಸಣ್ಣಕ್ಕೆ ಇಟ್ಟೆ. ಯಾರ ಕೈಯಲ್ಲೂ ಬಿಚ್ಚಲು ಬರಬಾರದು, ಹಾಗೆ. ಮುಗಿಸಿ ಮಡಿಸಿ ಟ್ರಂಕಿನ ತಳಕ್ಕೆ ಸೇರಿಸಿದಾಗ ಬೀಗಿತ್ತಿಯ ಎದುರು ಗೆದ್ದಷ್ಟು ಖುಷಿಯಾಯಿತು.

ಅದಾಗಿ ಒಂಬತ್ತನೇ ದಿನ ಬೆಳಗ್ಗೆ ಮಗಳು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಅಮ್ಮ, ಏನೋ ಆಗ್ತಿದೆ" ಎಂದಳು. ನೆಲ ಒದ್ದೆಯಾಗಿತ್ತು. ತೋರಿಸುತ್ತಿದ್ದದ್ದು ಕಡೂರಿನ ಆಸ್ಪತ್ರೆಯಲ್ಲಿ. ಕಾರು ಸಿಕ್ಕಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಅತ್ತ ಸದ್ದು ನನಗೆ ಕೇಳಲಿಲ್ಲ. ಗಾಜಿನ ಆಚೆ ಬಿಸಿ ದೀಪದ ಕೆಳಗೆ ಮಲಗಿಸಿದ್ದರು. ಮೂಗಿಗೆ ಕೊಳವೆ, ಕಾಲಿಗೆ ತಂತಿ. ಅದರ ತೊಡೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪವೇ ದಪ್ಪ ಇತ್ತು.

"ಮೂರ್ನಾಲ್ಕು ದಿನ ಕಳೀಲಿ, ಆಮೇಲೆ ಹೇಳ್ತೀವಿ" ಎಂದರು ಡಾಕ್ಟರು.

ಮಾರನೆಯ ದಿನ ಮಗಳ ಬಟ್ಟೆ ತರಲೆಂದು ತರೀಕೆರೆಗೆ ಬಂದೆ. ಟ್ರಂಕ್ ತೆಗೆದರೆ ಕೌದಿ. ಇಷ್ಟು ವರ್ಷ ಶಾಸ್ತ್ರ ಹೇಳುವವರನ್ನು ಕಂಡರೆ ಮೂಗು ಮುರಿಯುತ್ತಿದ್ದವಳು ನಾನು. ಅವತ್ತು ಟ್ರಂಕಿನ ಮುಂದೆ ಕುಸಿದು ಕೂತು, ಇದರಿಂದಲೇ ಆಯಿತು, ನನ್ನಿಂದಲೇ ಆಯಿತು ಎಂದು ಗಟ್ಟಿಯಾಗಿ ಹೇಳಿಕೊಂಡು ಅತ್ತೆ. ಬೀಗಿತ್ತಿಯನ್ನು ಗೆಲ್ಲಲು ಹೋಗಿ ಮಗುವಿನ ಜೀವ ಪಣಕ್ಕಿಟ್ಟೆ ಅನ್ನಿಸಿತು. ಅದು ಹುಚ್ಚು ಯೋಚನೆ ಎಂದು ತಲೆ ಹೇಳುತ್ತಿತ್ತು. ತಲೆಯ ಮಾತು ಆ ದಿನ ಯಾರಿಗೆ ಬೇಕಿತ್ತು?

ಏನು ಮಾಡಲಿ ಇದನ್ನು? ಸುಡೋಣವೆಂದರೆ, ಮಗುವಿನ ಬಟ್ಟೆಗೆ ಬೆಂಕಿ ಇಡುವುದೇ? ಯಾರಿಗಾದರೂ ಕೊಡೋಣವೆಂದರೆ ಇನ್ನೊಬ್ಬರ ಮಗುವಿಗೆ ತಗಲಿದರೆ? ಕಡೆಗೆ ಒಂದೇ ದಾರಿ ಕಂಡಿತು. ಬಿಚ್ಚಬೇಕು. ಒಂದು ಹೊಲಿಗೆಯೂ ಉಳಿಯದಂತೆ ಬಿಚ್ಚಿ, ಚೌಕಗಳನ್ನು ಬಿಡಿಬಿಡಿ ಮಾಡಿ ಚೀಲಕ್ಕೆ ವಾಪಸ್ ಹಾಕಿದರೆ ಹೊಲಿದೇ ಇಲ್ಲದ ಹಾಗೆ. ಮಗಳ ನೈಟಿಗಳ ಕೆಳಗೆ ಕೌದಿ, ಪರ್ಸಿನಲ್ಲಿ ಒಂದು ಬ್ಲೇಡು ಇಟ್ಟುಕೊಂಡು ಕಡೂರಿನ ಬಸ್ ಹತ್ತಿದೆ.

ಆಸ್ಪತ್ರೆಯ ಮೆಟ್ಟಿಲ ಪಕ್ಕ ಒಂದು ಉದ್ದ ಬೆಂಚು. ಮಗುವನ್ನು ನೋಡಲು ದಿನಕ್ಕೆ ಎರಡು ಸಲ ಮಾತ್ರ ಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ಗೋಡೆಗೆ ಮುಖ ಮಾಡಿ ಕೂತು ಬಿಚ್ಚುತ್ತಿದ್ದೆ. ದೊಡ್ಡ ಹೊಲಿಗೆಯಾದರೆ ಐದಕ್ಕೊಂದು ಕತ್ತರಿಸಿ ಹಿಂದಿನಿಂದ ದಾರ ಎಳೆದರೆ ಸರ್ರನೆ ಬರುತ್ತದೆ. ಇದು ಬರುತ್ತಿರಲಿಲ್ಲ. ಸಣ್ಣ ಹೊಲಿಗೆ, ಅದರ ಮೇಲೆ ಇನ್ನೊಂದು ದಾಟಿದ ಹೊಲಿಗೆ. ಒಂದೊಂದನ್ನೂ ಬ್ಲೇಡಿನ ಮೂಲೆಯಲ್ಲಿ ಎತ್ತಿ ಕೊಯ್ಯಬೇಕಿತ್ತು. ಬೆರಳು ಕೊಯ್ದುಕೊಂಡೆ, ಚಿಂದಿ ಸುತ್ತಿಕೊಂಡು ಮುಂದುವರಿಸಿದೆ. ಗುಡಿಸುವ ಆಯಾ ಬಂದು, "ಏನ್ ಕಣಮ್ಮ ಇದು, ನೆಲವೆಲ್ಲ ದಾರ" ಎಂದು ಬೈದಳು. ನಾನೇ ಬಗ್ಗಿ ಆರಿಸಿದೆ.

ಮನಸ್ಸಿನಲ್ಲೇ ಒಂದು ಲೆಕ್ಕ ಶುರುವಾಗಿತ್ತು. ಒಂದು ಸಾಲು ಬಿಚ್ಚಿದರೆ ಮಗುವಿಗೆ ಒಂದು ಉಸಿರು ಸಲೀಸು. ನರ್ಸ್ ಬಂದು ಈಗ ಪರವಾಗಿಲ್ಲ ಎಂದರೆ, ಆಗಷ್ಟೇ ಬಿಚ್ಚಿದ ಸಾಲಿನಿಂದ ಎಂದುಕೊಳ್ಳುತ್ತಿದ್ದೆ. ಮೂರನೇ ದಿನ, ಉಸಿರು ನಡುನಡುವೆ ನಿಲ್ಲುತ್ತಿದೆ, ಅಂಗಾಲು ತಟ್ಟಿ ಎಬ್ಬಿಸುತ್ತಿದ್ದೇವೆ ಎಂದರು. ಊಟಕ್ಕೆ ಎದ್ದು ಹೋಗಿದ್ದೆನಲ್ಲ, ಅದಕ್ಕೇ ಹೀಗಾಯಿತು ಎಂದುಕೊಂಡು ಆಮೇಲೆ ಊಟವನ್ನೂ ಬಿಟ್ಟೆ. ಅಳಿಯ ಔಷಧಿಗೂ ದುಡ್ಡಿಗೂ ಓಡಾಡುತ್ತಿದ್ದರು. ಮಗಳು ಮಹಡಿಯ ವಾರ್ಡಿನಲ್ಲಿ ಒಬ್ಬಳೇ ಮಲಗಿ ಸೂರು ನೋಡುತ್ತಿದ್ದಳು. ಅವಳ ಪಕ್ಕ ಕೂರಬೇಕಾದ ತಾಯಿ ನಾನು ಮೆಟ್ಟಿಲ ಕೆಳಗೆ ಬಟ್ಟೆ ಕೊಯ್ಯುತ್ತಿದ್ದೆ.

ಆ ದಿನ ಮಧ್ಯಾಹ್ನವೇ ಬೀಗಿತ್ತಿ ನನ್ನನ್ನು ಹಿಡಿದದ್ದು. ಅಜ್ಜಂಪುರದಿಂದ ಬುತ್ತಿ ತಂದವರು ಹಿಂದೆ ಬಂದು ನಿಂತದ್ದು ಗೊತ್ತೇ ಆಗಲಿಲ್ಲ. ಮಡಿಲ ತುಂಬ ಚೌಕಗಳು, ದಾರದ ರಾಶಿ, ಕೈಯಲ್ಲಿ ಬ್ಲೇಡು. ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಹೊಲ್ದಿದ್ರಾ?" ಎಂದರು.

"ಹೂಂ ಅಕ್ಕ. ತಪ್ಪಾಯ್ತು. ನೀವು ಹೇಳಿದ್ರೂ ಕೇಳ್ಲಿಲ್ಲ. ಇನ್ನು ಸ್ವಲ್ಪ ಇದೆ, ಸಾಯಂಕಾಲದೊಳಗೆ ಎಲ್ಲ ಬಿಚ್ಬಿಡ್ತೀನಿ."

ಬೈಗುಳಕ್ಕೆ ತಲೆ ಬಗ್ಗಿಸಿ ಕೂತೆ. ಅವರು ಬುತ್ತಿ ಕೆಳಗಿಟ್ಟು ಪಕ್ಕದಲ್ಲಿ ಕೂತು ಕೈ ಚಾಚಿದರು. ತಾವೂ ಬಿಚ್ಚಲು ಕೇಳುತ್ತಿದ್ದಾರೆಂದು ಬ್ಲೇಡು ಕೊಟ್ಟೆ. ಎದ್ದು ಹೋಗಿ ಅದನ್ನು ಸೂಜಿ ಎಸೆಯುವ ಡಬ್ಬಿಗೆ ಹಾಕಿಬಂದರು.

ನನಗೆ ತಲೆ ಕೆಟ್ಟಿತು. "ಏನ್ ಮಾಡಿದ್ರಿ! ಅರ್ಧಕ್ಕೆ ಬಿಟ್ರೆ ಹೆಂಗೆ? ಆ ಮಗೂಗೆ ಏನಾದ್ರೂ ಆದ್ರೆ?" ಎಂದು ಕಿರುಚಿದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಹಲ್ಲಿನಿಂದ ದಾರ ಕಚ್ಚಿ ಎಳೆಯಲು ಹೋದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ತೆಂಗಿನಕಾಯಿ ಸುಲಿದ ಕೈ ಅದು, ಬಿಡಿಸಿಕೊಳ್ಳಲು ಆಗಲಿಲ್ಲ.

"ನಮ್ಮುಡುಗ ಹುಟ್ಟೋ ಮುಂಚೆ ನಂಗೊಂದು ಮಗು ಆಗಿತ್ತು" ಎಂದರು. "ಗಂಡು. ಹದಿನೇಳು ದಿನ ಇತ್ತು. ನಾನು ಒಂದ್ ಎಳೆ ದಾರ ಮುಟ್ಟಿರ್ಲಿಲ್ಲ ಕಣಮ್ಮ. ಹೊಸ್ತಿಲ ಮೇಲೆ ಕೂತಿರ್ಲಿಲ್ಲ. ನಮ್ಮತ್ತೆ ಏನೇನ್ ಹೇಳಿದ್ರೋ ಎಲ್ಲ ಮಾಡಿದ್ದೆ. ಆದ್ರೂ ಹೋಯ್ತು."

ಆರು ವರ್ಷದ ಬೀಗತನದಲ್ಲಿ ಈ ಮಾತು ನಾನು ಕೇಳಿರಲಿಲ್ಲ. ಮಗಳಿಗೂ ಗೊತ್ತಿರಲಿಲ್ಲ.

"ಮತ್ತೆ ಅದು ಮಾಡ್ಬೇಡಿ ಇದು ಮಾಡ್ಬೇಡಿ ಅಂತ ಎಲ್ಲಾರ್ಗೂ ಯಾಕಕ್ಕ ಹೇಳ್ತೀರ?"

ಅವರು ನನ್ನ ಕೈ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. "ಏನೂ ಹೇಳ್ದೆ ಸುಮ್ನಿರಾಕಾಗಲ್ಲ ಕಣಮ್ಮ, ಭಯ ಆಗ್ತದೆ" ಎಂದರು.

ಆಮೇಲೆ ಬುತ್ತಿ ಬಿಚ್ಚಿ ರೊಟ್ಟಿ, ಚಟ್ನಿಪುಡಿ ಕೈಗಿಟ್ಟರು. ಇಬ್ಬರೂ ತಿಂದೆವು. ನನ್ನ ಮಡಿಲಲ್ಲಿ ಕೌದಿಯ ಒಂದು ಮೂಲೆ ಮಾತ್ರ ಹೊಲಿಗೆ ಸಮೇತ ಉಳಿದಿತ್ತು. ಕರವಸ್ತ್ರಕ್ಕಿಂತ ಸ್ವಲ್ಪ ದೊಡ್ಡದಿರಬೇಕು.

ನಾಲ್ಕನೇ ದಿನ ಬೆಳಗ್ಗೆ ನರ್ಸ್ ಮಗಳ ಹಾಸಿಗೆಯ ಹತ್ತಿರ ಬಂದು, ಮಗುವನ್ನು ತಾಯಿಯ ಎದೆಗೆ ಅಂಟಿಸಿ ಮಲಗಿಸುತ್ತೇವೆ, ಮೈಯ ಬಿಸಿ ತಾಗಿದರೆ ಉಸಿರು ಹಿಡಿಯುತ್ತದೆ ಎಂದಳು. "ಬೆನ್ನ ಮೇಲೆ ಹಾಕೋಕೆ ಮೆತ್ತಗಿರೋ ಬಟ್ಟೆ ಬೇಕು. ಎರಡು ಪದರ ಇರ್ಲಿ. ಬಿಸಿನೀರಲ್ಲಿ ಒಗ್ದು ಬಿಸಿಲಲ್ಲಿ ಒಣಗಿಸಿ ತನ್ನಿ."

ಮಗಳು ನನ್ನ ಕಡೆ ತಿರುಗಿದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಜೀವ ಕಂಡಿತು. "ಅಮ್ಮ, ಟ್ರಂಕಲ್ಲಿದೆಯಲ್ಲ, ಅದನ್ನ ತಂದಿದೀಯ ತಾನೆ?"

"ಯಾವ್ದೇ ಅದು?"

"ನೀನು ಕದ್ದು ಹೊಲ್ದಿದ್ದು. ನೀನು ಅಂಗಡಿಗೆ ಹೋದಾಗೆಲ್ಲ ತೆಗೆದು ಹೊಟ್ಟೆ ಮೇಲೆ ಹಾಕ್ಕೋತಿದ್ದೆ. ಮಗು ಒದೀತಿತ್ತು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಗಿಲಲ್ಲಿದ್ದ ಬೀಗಿತ್ತಿಯೇ ಒಳಗೆ ಬಂದು ನನ್ನ ಚೀಲಕ್ಕೆ ಕೈ ಹಾಕಿ, ಬಿಡಿ ಚೌಕಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಉಳಿದಿದ್ದ ಆ ಮೂಲೆಯನ್ನು ಹೊರಗೆಳೆದರು. ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ನನ್ನ ಬೆರಳಿನ ಚಿಂದಿಯ ಮೇಲೆ ಅವಳ ಕಣ್ಣು ಹೋಯಿತು.

ಆಸ್ಪತ್ರೆಯ ತಾರಸಿಯ ಮೇಲೆ ಆ ತುಂಡು ಒಣಗುವ ತನಕ ನಾವಿಬ್ಬರು ಬೀಗಿತ್ತಿಯರು ಬಿಸಿಲಲ್ಲೇ ನಿಂತಿದ್ದೆವು. ಮಧ್ಯಾಹ್ನ ನರ್ಸ್ ಮಗುವನ್ನು ತಂದು ಮಗಳ ಎದೆಯ ಮೇಲಿಟ್ಟು, ಅದನ್ನು ಹೊದಿಸಿದಳು. ಕತ್ತಿನಿಂದ ಅಂಗಾಲಿನವರೆಗೆ ಮುಚ್ಚಿತು. ಮೊದಲಿನ ಕೌದಿಯಾಗಿದ್ದರೆ ಎಂಟು ಸಲ ಸುತ್ತಬೇಕಾಗುತ್ತಿತ್ತು. ಆ ಮಗುವಿಗೆ ಅಷ್ಟೇ ಸಾಕಾಗಿತ್ತು.

ಮಗು ಐದು ವಾರದ ಮೇಲೆ ಮನೆಗೆ ಬಂತು. ಅಷ್ಟು ದಿನಗಳಲ್ಲಿ ಇನ್ನೆರಡು ಸಲ ನಮ್ಮೆಲ್ಲರ ಉಸಿರು ನಿಲ್ಲಿಸಿತು. ಅದನ್ನು ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ಈಗ ಅವಳಿಗೆ ಎರಡು ವರ್ಷ. ಆ ತುಂಡಿಲ್ಲದೆ ನಿದ್ದೆ ಮಾಡುವುದಿಲ್ಲ. ಅಜ್ಜಂಪುರಕ್ಕೂ ತರೀಕೆರೆಗೂ ಅದು ಅವಳ ಜೊತೆ ಓಡಾಡುತ್ತದೆ. ಅಂಚು ಕಟ್ಟಿಲ್ಲದ್ದರಿಂದ ಎಳೆ ಎಳೆಯಾಗಿ ಬಿಡುತ್ತ ಬಂದಿದೆ. ಒಂದು ಪಟ್ಟಿ ಇಟ್ಟು ಸುತ್ತ ಹೊಲಿದುಕೊಡು, ಐದು ನಿಮಿಷದ ಕೆಲಸ ಎಂದು ಮಗಳು ಎಷ್ಟೋ ಸಲ ಹೇಳಿದಳು. ಒಮ್ಮೆ ಆ ಬಣ್ಣದ ದಾರ ಇಲ್ಲವೆಂದೆ. ಇನ್ನೊಮ್ಮೆ ಮೋಟಾರ್ ರಿಪೇರಿ ಎಂದೆ. ಕಳೆದ ವಾರ ಮಗುವಿನ ಜೊತೆ ಬಂದವಳು ದಾರವನ್ನೂ ತಂದು ಮಷಿನ್ ಮೇಲಿಟ್ಟಳು.

ತುಂಡನ್ನು ಸೂಜಿಯ ಕೆಳಗಿಟ್ಟೆ. ಪೆಡಲ್ ಮೇಲೆ ಕಾಲಿಟ್ಟೆ. ಕಾಲು ಒತ್ತಲಿಲ್ಲ. ಅವತ್ತು ಬಿಚ್ಚಿದ ಸಾಲುಗಳ ಸೂಜಿ ತೂತುಗಳು ಬಟ್ಟೆಯಂಚಿನಲ್ಲಿ ಹಾಗೇ ಇದ್ದವು. ನಾಚಿಕೆ ಬಿಟ್ಟು ಅಜ್ಜಂಪುರಕ್ಕೆ ಫೋನ್ ಮಾಡಿದೆ.

"ಅಕ್ಕ, ಪಾಪು ತುಂಡಿಗೆ ಅಂಚು ಹೊಲೀಲಾ? ಏನೂ ಆಗಲ್ಲ ಅಲ್ವಾ?"

ಇತ್ತ ನಮ್ಮ ಅಡುಗೆಮನೆಯಲ್ಲಿ ಮೊಮ್ಮಗಳು ತಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ಏನೂ ಆಗುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ತಟ್ಟೆಯ ಸದ್ದು ನಿಂತಿತು. ಮತ್ತೆ ಶುರುವಾಯಿತು.

"ಬೇಡ ಬಿಡಮ್ಮ" ಎಂದರು ಬೀಗಿತ್ತಿ. "ಹಂಗೇ ಇರ್ಲಿ."

ಸೂಜಿ ಎತ್ತಿ ತುಂಡನ್ನು ಈಚೆ ತೆಗೆದು ಮಡಿಸಿಟ್ಟೆ.